ಅಗನೇಟಾ ಹೆಸರಿನ ಸರದಿ

ಲಿಂಡೆನ್‌ಹೋಫ್ ಊರಿಗೆ ಇದ್ದದ್ದೇ ಒಂದು ಬೀದಿ. ಅದರ ನಡುವೆ ನಿಂತು "ನೇಟಾ!" ಎಂದು ಯಾರಾದರೂ ಕೂಗಿದರೆ ನಾಲ್ಕಾರು ಮನೆಗಳ ಬಾಗಿಲು ಒಟ್ಟಿಗೇ ತೆರೆಯುತ್ತಿದ್ದವು. ಗಿರಣಿ ನೇಟಾ, ಕೆಂಪು ನೇಟಾ, ಕುಂಟು ನೇಟಾ, ಎರಡು ಸಲ ಮದುವೆಯಾದ ನೇಟಾ, ಹೀಗೆ ಗುರುತು ಹಚ್ಚಿ ಕರೆಯದಿದ್ದರೆ ಕೂಗಿದ್ದು ಯಾರನ್ನೆಂದು ದೇವರಿಗೂ ತಿಳಿಯುತ್ತಿರಲಿಲ್ಲ. ಪೂರ್ತಿ ಹೆಸರು ಅಗನೇಟಾ. ಮುತ್ತಜ್ಜಂದಿರು ವಿಸ್ಟುಲಾ ನದಿಯ ಜೌಗು ನೆಲ ಬಿಟ್ಟು ರಷ್ಯಾದ ಬಯಲಿಗೆ ಹೋದಾಗ ಆ ಹೆಸರು ಅವರ ಜೊತೆ ಹೋಯಿತು. ಅಜ್ಜಂದಿರು ಅಲ್ಲಿಂದ ಹಡಗು ಹತ್ತಿ ಮ್ಯಾನಿಟೋಬಾಕ್ಕೆ ಬಂದಾಗ ಗೋಧಿ ಬೀಜ, ಗೋಡೆ ಗಡಿಯಾರಗಳ ಜೊತೆ ಅದೂ ಬಂತು. ಮೊದಮೊದಲು ಹೆಣ್ಣು ಮಗು ಹುಟ್ಟಿದ ಯಾವ ಮನೆಯೂ ಅದನ್ನು ಬಿಟ್ಟಿರಲಿಲ್ಲ. ಈಗೀಗ ಪೇಟೆಯಲ್ಲಿ ಇಂಗ್ಲಿಷರ ಅಂಗಡಿಗೆ ಹೋಗಿಬಂದ ತಾಯಂದಿರು ಬೆಟ್ಟಿ, ಡೊರೊತಿ, ಶರ್ಲಿ ಎಂದು ಇಡತೊಡಗಿದ್ದರು. ಹೀಬರ್ಟ್ ಮನೆಯ ಮುದುಕಿ ಅದನ್ನು ಕೇಳಿದಾಗಲೆಲ್ಲ ಮೂಗು ಮುರಿಯುತ್ತಿದ್ದಳು. "ಶರ್ಲಿಯಂತೆ ಶರ್ಲಿ! ನಮ್ಮ ಹಸೂಗೂ ಇಡಲ್ಲ ಅಂಥಾ ಹೆಸರನ್ನ."

ಮುದುಕಿಯೂ ಅಗನೇಟಾಳೇ, ಊರವರ ಬಾಯಲ್ಲಿ ದೊಡ್ಡ ನೇಟಾ. ಈ ಜನರಲ್ಲಿ ಒಂದು ರೂಢಿಯಿತ್ತು. ಮಗುವೊಂದು ತೀರಿಕೊಂಡರೆ ಅದರ ಹೆಸರನ್ನು ಮಣ್ಣಿಗೆ ಬಿಡುತ್ತಿರಲಿಲ್ಲ. ಮುಂದೆ ಹುಟ್ಟುವ ಮಗುವಿಗೆ, ಹೆಣ್ಣಾದರೆ ಹೆಣ್ಣಿನದು, ಗಂಡಾದರೆ ಗಂಡಿನದು, ಅದೇ ಹೆಸರು. ದೊಡ್ಡ ನೇಟಾಳ ತಾಯಿ ಇಬ್ಬರು ಅಗನೇಟಾರನ್ನು ಮಣ್ಣು ಮಾಡಿ ಮೂರನೆಯವಳಾಗಿ ಇವಳನ್ನು ಪಡೆದಳು. ಆ ಮೂರನೆಯವಳು ಎಪ್ಪತ್ತು ದಾಟಿದರೂ ಹಾಲಿನ ಬಕೆಟ್ಟನ್ನು ಒಬ್ಬಳೇ ಎತ್ತುತ್ತಿದ್ದಳು.

ಅವಳ ಸೊಸೆ ಯುಸ್ತಿನಾ. ಯುಸ್ತಿನಾಳ ಮೊದಲ ಮಗಳು ಅಗನೇಟಾ ಹೆಜ್ಜೆಯಿಡಲು ಕಲಿಯುವ ಹೊತ್ತಿಗೆ ಗಂಟಲುಬೇನೆ ಬಂದು ತೀರಿಕೊಂಡಳು. ಎರಡನೆಯ ಮಗಳಿಗೂ ಅದೇ ಹೆಸರು. ಅದನ್ನು ಮೊದಲ ಸಲ ಕರೆಯುವಾಗ ಯುಸ್ತಿನಾಳಿಗೆ ಸತ್ತ ಮಗಳನ್ನೇ ಕರೆದಂತಾಗಿತ್ತು, ಆದರೂ ಕರೆದಳು. ಕರೆಯುತ್ತ ಕರೆಯುತ್ತ ಆ ಹೆಸರು ಈ ಮಗಳದೇ ಆಗಿಹೋಯಿತು. ಈಗ ನೇಟಾಳಿಗೆ ಏಳು ವರ್ಷ. ಸುಗ್ಗಿ ಮುಗಿಯುವ ಕಾಲದಲ್ಲಿ ಅವಳಿಗೆ ಜ್ವರ ಬಂದು ಮಂಡಿ ಮೊಣಕೈಗಳೆಲ್ಲ ಬಾತವು. ಜ್ವರ ಬಿಟ್ಟರೂ ಎದೆ ಸರಿಹೋಗಲಿಲ್ಲ. ಪೇಟೆಯ ಡಾಕ್ಟರು ಎದೆಗೆ ಕಿವಿಯಿಟ್ಟು ಕೇಳಿ, "ಹಿಮ ಕರಗೋವರೆಗೂ ಹಾಸಿಗೆ ಬಿಟ್ಟು ಏಳಿಸಬೇಡಿ, ಆಮೇಲೆ ನೋಡೋಣ" ಎಂದಿದ್ದರು. ಆ "ಆಮೇಲೆ ನೋಡೋಣ" ಎಂಬ ಮಾತನ್ನು ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ತಿಳಿದುಕೊಂಡರು.

ಜನವರಿಯ ಕೊರೆಯುವ ಚಳಿಯಲ್ಲಿ ಯುಸ್ತಿನಾ ಮತ್ತೊಂದು ಹೆಣ್ಣು ಹೆತ್ತಳು. ಇವರ ಕ್ರೈಸ್ತ ಸಭೆಯವರು ಹಸುಗೂಸಿಗೆ ನೀರು ಚಿಮುಕಿಸಿ ಹೆಸರಿಡುವವರಲ್ಲ. ಮಗು ಹುಟ್ಟಿದ ದಿನ ಊಟಕ್ಕೆ ಕೂತಾಗ ತಂದೆ ಪ್ರಾರ್ಥನೆ ಮುಗಿಸಿ ಹೆಸರು ಹೇಳಬೇಕು. ಅವನ ಬಾಯಿಂದ ಬಂದ ಮೇಲೆಯೇ ಉಳಿದವರು ಕರೆಯಬೇಕು, ಅಲ್ಲಿಯವರೆಗೆ ತಾಯಿಯೂ ಕರೆಯಬಾರದು. ಗಂಡ ಈಸಾಕ್ ಯಾವ ಹೆಸರು ಹೇಳುತ್ತಾನೆಂದು ಯುಸ್ತಿನಾಳಿಗೆ ಗೊತ್ತಿತ್ತು. ಮಾರ್ಗರೇಟಾ, ಅವಳ ತಾಯಿಯ ಹೆಸರು. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು.

ಬಾಣಂತಿ ಮಲಗಿದ್ದ ಕೋಣೆಯ ಬಾಗಿಲು ತೆರೆದೇ ಇತ್ತು. ಪ್ರಾರ್ಥನೆ ಮುಗಿಯಿತು. ಈಸಾಕ್ ಗಂಟಲು ಸರಿಮಾಡಿಕೊಂಡ.

"ಇರ್ಲಿ ಈಸಾಕ್," ಎಂದಳು ದೊಡ್ಡ ನೇಟಾ. "ಅವಸರ ಏನಿದೆ? ಕೋಸಿನ ಸಾರು ಆರಿಹೋಗ್ತದೆ, ಉಣ್ಣು ಮೊದ್ಲು."

"ಅಮ್ಮ, ಇವತ್ತೇ ಹೇಳ್ಬೇಕಲ್ವಾ?"

"ಹೇಳ್ದೆ ಎಲ್ಲಿಗೆ ಹೋಗ್ತೀಯ? ಉಣ್ಣು ಅಂದೆನಲ್ಲ."

ಈಸಾಕ್ ಉಂಡ. ಉಣ್ಣುವುದರಲ್ಲಿ ಅವನು ಎಂದೂ ಹಿಂದೆ ಬಿದ್ದವನಲ್ಲ. ಸೂಲಗಿತ್ತಿ ಟೈಕ್ರೋಬ್ ಮಾರಿಯಾ ಮಾತ್ರ ಚಮಚ ಕೆಳಗಿಟ್ಟು ಒಬ್ಬೊಬ್ಬರ ಮುಖವನ್ನೂ ನೋಡಿದಳು.

ವಾರ ಕಳೆಯಿತು, ಹೆಸರಿಲ್ಲ. ಮಗುವನ್ನು ಎಲ್ಲರೂ ಪಾಪು ಎಂದರು. ಶನಿವಾರ ಬನ್ನು ಬೇಯಿಸುವ ದಿನ ಯುಸ್ತಿನಾ ಎದ್ದು ಅಡಿಗೆಮನೆಗೆ ಬಂದಳು. ಈಸಾಕನ ತಂಗಿ ಟ್ರೂಡಾ ಹಿಟ್ಟು ನಾದುತ್ತಿದ್ದಳು. ಮದುವೆಯಾಗದೆ ಮನೆಯಲ್ಲೇ ಉಳಿದವಳು. ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ.

"ನಿಮ್ಮಣ್ಣನಿಗೆ ನಾಲಿಗೆ ಬಿದ್ದುಹೋಗಿದೆಯಾ?" ಎಂದಳು ಯುಸ್ತಿನಾ, ಉಂಡೆಯ ಮೇಲೆ ಇನ್ನೊಂದು ಚಿಕ್ಕ ಉಂಡೆ ಒತ್ತುತ್ತ.

"ಅಣ್ಣಂದೇನು ತಪ್ಪು ಅತ್ತಿಗೆ? ಅಮ್ಮ ಬೇಡ ಅಂದಿದ್ದಾಳೆ."

"ಯಾಕೆ ಬೇಡ? ಮಾರ್ಗರೇಟಾ ಅಂದ್ರೆ ಅವರಿಗೇನು ಉರಿ?"

"ಹೆಸರಿಂದಲ್ಲ..." ಟ್ರೂಡಾ ಹಿಟ್ಟನ್ನು ಸುಮ್ಮನೆ ಮಗುಚಿದಳು. "ಬೇಸಿಗೆವರೆಗೂ ಕಾಯೋಣ ಅಂತಾಳೆ. ಆಮೇಲೆ ಬೇರೆ ಹೆಸರು ಇಟ್ಬಿಟ್ವಲ್ಲಾ ಅಂತ ಆಗ್ಬಾರ್ದಂತೆ."

"ಯಾವುದರ ಆಮೇಲೆ?"

ನೇಟಾ ಮಲಗಿದ್ದ ಕೋಣೆಯ ಕಡೆಗೆ ಟ್ರೂಡಾಳ ಕಣ್ಣು ಹೋಗಿ ಬಂತು, ಅಷ್ಟೆ. ಯುಸ್ತಿನಾ ಕೈಲಿದ್ದ ಹಿಟ್ಟನ್ನು ಹಲಗೆಯ ಮೇಲೆ ಬಡಿದು ಸೀದಾ ಅತ್ತೆಯ ಹತ್ತಿರ ಹೋದಳು. ಮುದುಕಿ ಕಿಟಕಿಯ ಬಳಿ ಕೂತು ಕಾಲುಚೀಲ ಹೆಣೆಯುತ್ತಿದ್ದಳು.

"ಅತ್ತೆ, ನನ್ನ ಮಗಳು ಸಾಯ್ಲಿ ಅಂತ ಕಾಯ್ತಾ ಇದ್ದೀರಾ?"

"ಬಾಯಿ ಸಣ್ಣ ಮಾಡು. ಮಗು ಮಲಗಿದೆ."

"ಯಾವ ಮಗು? ಹೆಸರಿರೋದೋ, ಇಲ್ಲದ್ದೋ?"

"ನೋಡು ಯುಸ್ತಿನಾ, ನಾನೇನು ಕಲ್ಲಲ್ಲ," ಎಂದಳು ಮುದುಕಿ, ಹೆಣಿಗೆ ನಿಲ್ಲಿಸದೆ. "ನೇಟಾ ಉಳಿದ್ರೆ ನನಗಿಂತ ಸಂತೋಷಪಡೋರು ಯಾರೂ ಇಲ್ಲ. ಆದ್ರೆ ಅದರ ತುಟಿ ನೋಡಿದ್ದೀಯ? ನೀಲಿ. ನಮ್ಮಣ್ಣನ ಮಗನಿಗೂ ಹಾಗೇ ಆಗಿತ್ತು. ದೇವರು ಕರೆದುಕೊಂಡ್ರೆ, ನನ್ನ ಕಾಲ ಆದ್ಮೇಲೆ ಈ ಮನೇಲಿ ಅಗನೇಟಾ ಅನ್ನೋಳು ಯಾರೂ ಉಳಿಯಲ್ಲ. ನೀನಿನ್ನು ಹೆರ್ತೀಯೋ ಇಲ್ವೋ. ನಮ್ಮವ್ವ ಇಬ್ಬರನ್ನ ಕಳಕೊಂಡ್ಲು, ಮೂರನೇದು ನಾನು. ಗಟ್ಟಿಯಾಗಿ ನಿಂತೆ. ಮೂರನೇದು ನಿಲ್ತದೆ."

"ನೇಟಾ ಎರಡನೇದು. ಅದಕ್ಕೇ ಅವಳನ್ನ ಬಿಟ್ಟುಕೊಟ್ರಾ?"

"ಬಿಟ್ಟುಕೊಟ್ಟೆ ಅಂದೆನಾ? ಕಾಯೋಣ ಅಂದೆ."

ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದ ಟ್ರೂಡಾ ನಡುವೆ ಬಾಯಿ ಹಾಕಿದಳು. "ಅಮ್ಮ, ಶಾಲೆ ಮೇಷ್ಟ್ರು ಏನಂದ್ರು ಗೊತ್ತಾ? ಅಗನೇಟಾ ಅನ್ನೋದು ಆಗ್ನೆಸ್ ಅನ್ನೋದರಿಂದ ಬಂದದ್ದಂತೆ. ಗ್ರೀಕರ ಮಾತಲ್ಲಿ ಶುದ್ಧ ಅಂತ ಅರ್ಥವಂತೆ. ರೋಮಿನಲ್ಲಿ ಆ ಹೆಸರಿನ ಹುಡುಗೀನ ಹನ್ನೆರಡೋ ಹದಿಮೂರೋ ವರ್ಷಕ್ಕೇ ಕೊಂದ್ರಂತೆ. ಕ್ಯಾಥೊಲಿಕರು ಇವತ್ತಿಗೂ..."

"ಮೇಷ್ಟ್ರಿಗೆ ಮಾಡೋಕೆ ಬೇರೆ ಕೆಲಸ ಇಲ್ಲ," ಎಂದು ಮುದುಕಿ ರೇಗಿದಳು. "ರೋಮು ಗೀಮು ಎಲ್ಲ ನನಗೆ ಬೇಡ. ಅದು ನಮ್ಮವ್ವನ ಮನೆ ಹೆಸರು. ಹೋಗು, ಬನ್ನು ಸೀದುಹೋಗ್ತದೆ."

ಯುಸ್ತಿನಾಳ ತಲೆಯಲ್ಲಿ ಮಾತ್ರ ರೋಮಿನ ಆ ಹುಡುಗಿ ಉಳಿದಳು. ಹೆಸರು ಶುರುವಾದದ್ದೇ ಸತ್ತ ಹುಡುಗಿಯಿಂದಲೋ ಎಂದುಕೊಂಡಳು. ಆ ದಿನ ಅವಳು ಮಾಡಿದ ಬನ್ನುಗಳ ತಲೆ ಒಂದೂ ನೆಟ್ಟಗೆ ಕೂರಲಿಲ್ಲ.

ಆ ಮನೆಗಳಲ್ಲಿ ಮೂರು ಕೋಣೆಗಳ ಗೋಡೆ ಕೂಡುವಲ್ಲಿ ಇಟ್ಟಿಗೆಯ ದೊಡ್ಡ ಒಲೆ ಇರುತ್ತಿತ್ತು. ಒಂದು ಕಡೆ ಹುಲ್ಲು ಒಟ್ಟಿದರೆ ಮೂರು ಕಡೆಯೂ ಬೆಚ್ಚಗೆ. ಬಿಸಿ ಹರಿಯುವ ಸಂದುಗಳಲ್ಲಿ ಮಾತೂ ಹರಿಯುತ್ತಿತ್ತು. ದೊಡ್ಡವರಿಗೆ ಇದು ಗೊತ್ತಿತ್ತು. ಜಗಳಕ್ಕೆ ನಿಂತರೆ ಮರೆತುಹೋಗುತ್ತಿತ್ತು. ನೇಟಾಳ ಹಾಸಿಗೆ ಒಲೆಗೆ ಒತ್ತಿಕೊಂಡೇ ಇತ್ತು.

ಎರಡು ದಿನ ಬಿಟ್ಟು ತಲೆ ಬಾಚುವಾಗ ಅವಳು ಕೇಳಿದಳು. "ಅಮ್ಮ, ಪಾಪೂಗೆ ನನ್ನ ಹೆಸರು ಬೇಕಂತಾ?"

"ಯಾರಂದ್ರು ನಿನಗೆ?"

"ಯಾರೂ ಅನ್ಲಿಲ್ಲ. ಕೊಟ್ಬಿಡಮ್ಮ. ನನಗೆ ಬೇರೆ ಇಡಿ. ಬೆಟ್ಟಿ ಅಂತ ಇಡಿ, ನಾನೇನೂ ಅಳಲ್ಲ." ಸ್ವಲ್ಪ ಉಸಿರು ತೆಗೆದುಕೊಂಡು ಮತ್ತೆ ಕೇಳಿದಳು. "ಆಗ ನಾನು ಸಾಯ್ಬೇಕಾಗಿಲ್ಲ ಅಲ್ವಾ?"

ಯುಸ್ತಿನಾ ಬಾಚಣಿಗೆ ಕೆಳಗಿಟ್ಟಳು. ಮಗಳ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಕೇಳಿಲ್ಲಿ. ಅದು ನಿನ್ನ ಹೆಸರು. ನಿಂದು. ಯಾರು ಕೇಳಿದ್ರೂ ಕೊಡ್ಬೇಡ. ಅಜ್ಜಿ ಕೇಳಿದ್ರೂ ಕೊಡ್ಬೇಡ. ತಿಳೀತಾ?"

"ಪಾಪು ಕೇಳಿದ್ರೆ?"

"ಪಾಪು ಕೇಳಿದ್ರೂ ಕೊಡ್ಬೇಡ."

ನೇಟಾ ಗೋಣು ಹಾಕಿದಳು. ಏಳು ವರ್ಷದ ಮಕ್ಕಳು ಇಂಥ ಮಾತನ್ನು ದೊಡ್ಡವರಿಗಿಂತ ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತಾರೆ.

ಅವತ್ತೇ ಯುಸ್ತಿನಾ ಕೊಟ್ಟಿಗೆಗೆ ಹೋದಳು. ಕೊಟ್ಟಿಗೆ ಮನೆಗೆ ಅಂಟಿಕೊಂಡೇ ಇದ್ದದ್ದು, ಹಿಮದಲ್ಲಿ ಕಾಲಿಡಬೇಕಾಗಿರಲಿಲ್ಲ. ಈಸಾಕ್ ಹಂದಿಗಳಿಗೆ ಮುಸುರೆ ಸುರಿಯುತ್ತಿದ್ದ.

"ಏನಂದ್ಲು ಗೊತ್ತಾ ನಿಮ್ಮ ಮಗಳು?" ಎಂದು ಎಲ್ಲವನ್ನೂ ಹೇಳಿದಳು.

ಅವನು ಬಕೆಟ್ಟು ಹಿಡಿದುಕೊಂಡೇ ನಿಂತ. "ಅಯ್ಯೋ ದೇವರೇ," ಎಂದ.

"ದೇವರನ್ನ ಆಮೇಲೆ ಕರೀರಿ. ಈ ಭಾನುವಾರ ಎಲ್ಲರೆದುರು ಹೆಸರು ಹೇಳ್ತೀರೋ ಇಲ್ವೋ?"

"ಅಮ್ಮನ ಮಾತು ಮೀರಿ..."

"ಅಮ್ಮನಿಗೆ ಎಪ್ಪತ್ತು ವರ್ಷ ಒಂದು ಹೆಸರು ಸಿಕ್ತು. ಇವಳಿಗೆ ಒಂದು ದಿನಕ್ಕೂ ಸಿಕ್ಕಿಲ್ಲ. ನೀವು ಹೇಳ್ದೆ ನಾನು ಕರೆಯೋ ಹಾಗಿಲ್ಲ. ಕರೆದ್ರೆ ಊರವರ ಬಾಯಿಗೆ ಬೀಳ್ತೀನಿ. ಹೇಳ್ತೀರಾ?"

"ಹೇಳ್ತೀನಿ ಕಣೆ. ಭಾನುವಾರ ಹೇಳ್ತೀನಿ."

ಭಾನುವಾರ ಮಧ್ಯಾಹ್ನ ಮಗು ನೋಡಲು ನಂಟರು ಬಂದರು. ಮೇಜಿನ ಮೇಲೆ ಬನ್ನು, ಜಾಮು, ಒಣ ಪ್ಲಮ್ಮಿನ ಪಾಯಸ, ಸುಟ್ಟ ಬಾರ್ಲಿಯ ಕಾಫಿ. ಗಿರಣಿ ನೇಟಾ ತನ್ನ ಮೊಮ್ಮಗನನ್ನು ಎತ್ತಿಕೊಂಡೇ ಬಂದಿದ್ದಳು. ಅದರ ಮೂಗು ಸುರಿಯುತ್ತಿತ್ತು, ಕೆಮ್ಮಿ ಕೆಮ್ಮಿ ಮುಖ ಕೆಂಪಾಗಿತ್ತು.

"ಏನಮ್ಮ, ಹೆಸರೇನು ನಿನ್ನ ಮಗಳದು? ಊರೆಲ್ಲ ಕೇಳ್ತದೆ," ಎಂದಳು ಗಿರಣಿ ನೇಟಾ ಪಾಪುವಿನ ಕೆನ್ನೆ ಹಿಂಡುತ್ತ. "ನಮ್ಮ ಹೆಸರೇ ಇಡು, ನಮ್ಮ ಗುಂಪು ಸಣ್ಣದಾಗ್ತಾ ಬಂತು."

ಯುಸ್ತಿನಾ ಗಂಡನನ್ನು ನೋಡಿದಳು. ಈಸಾಕ್ ಎದ್ದು ನಿಂತ. ಅಷ್ಟರಲ್ಲಿ ಒಳಕೋಣೆಯಿಂದ ನೇಟಾಳ ಉಸಿರಿನ ಸದ್ದು ಕೇಳಿಸಿತು, ಗರಗಸ ಎಳೆದಂತೆ. ಹಿಂದಿನ ದಿನದಿಂದಲೇ ಅವಳ ಎದೆ ಮತ್ತೆ ಕೆಟ್ಟಿತ್ತು. ಈಸಾಕ್ ಒಳಗಿನ ಬಾಗಿಲನ್ನು ನೋಡಿದ, ತಾಯಿಯನ್ನು ನೋಡಿದ.

"ಹೆಸರು... ಇನ್ನೊಂದೆರಡು ವಾರ ಹೋಗ್ಲಿ," ಎಂದು ಕೂತುಬಿಟ್ಟ.

ನಂಟರು ಹೋದ ಮೇಲೆ ಯುಸ್ತಿನಾ ಬಟ್ಟಲುಗಳನ್ನು ತೊಳೆದಳು, ಒರೆಸಿದಳು, ಜೋಡಿಸಿದಳು. ಕೊನೆಯ ಬಟ್ಟಲು ಇಟ್ಟ ಮೇಲೆ ಗಂಡನ ಕಡೆ ತಿರುಗಿದಳು.

"ನೀವೂ ಕಾಯ್ತಾ ಇದ್ದೀರಿ," ಎಂದಳು. "ಅತ್ತೆಯೊಬ್ಬರೇ ಅಂದ್ಕೊಂಡಿದ್ದೆ."

"ಹಾಗಲ್ಲ ಯುಸ್ತಿನಾ..."

"ಹಾಗೇ."

ಅವತ್ತಿನಿಂದ ಅವಳು ಅವನ ಜೊತೆ ಉಪ್ಪು, ಹಾಲು, ಸೌದೆ ಇಷ್ಟರ ಮಾತನ್ನೇ ಆಡಿದಳು. ಅತ್ತೆಯ ಜೊತೆ ಅದೂ ಇಲ್ಲ. ಟ್ರೂಡಾ ನಡುವೆ ಓಡಾಡಿ ಮಾತು ತಲುಪಿಸಿ ಸುಸ್ತಾದಳು. "ನಾನೇನು ಅಂಚೆಯವಳಾ?" ಎಂದು ಒಮ್ಮೆ ಚಮಚ ಎಸೆದಳು.

ಯುಸ್ತಿನಾ ಹಟ ಹಿಡಿದಳು. ನೇಟಾಳನ್ನು ಉಳಿಸಿಕೊಳ್ಳುವುದೊಂದೇ ಉತ್ತರ ಎಂದುಕೊಂಡಳು. ಕೋಳಿ ಸಾರು ಮಾಡಿ ಚಮಚದಲ್ಲಿ ಕುಡಿಸಿದಳು. ಬೆನ್ನಿಗೆ ದಿಂಬು ಒತ್ತಿ ಕೂರಿಸಿದಳು, ಬಿಸಿ ಇಟ್ಟಿಗೆ ಸುತ್ತಿ ಕಾಲಿಗಿಟ್ಟಳು. ಮಗುವಿಗೆ ಹಾಲು ಕೊಡುವ ಹೊತ್ತಿಗೆ ಕೊಟ್ಟು ತೊಟ್ಟಿಲಲ್ಲಿ ಹಾಕಿ ಮತ್ತೆ ನೇಟಾಳ ಹತ್ತಿರ ಕೂರುತ್ತಿದ್ದಳು. ಮನೆಯ ಕಿವಿಗಳೆಲ್ಲ ಆ ಒಂದು ಹಾಸಿಗೆಯ ಕಡೆಗೇ ಇದ್ದವು, ಒಬ್ಬೊಬ್ಬರದು ಒಂದೊಂದು ಕಾರಣಕ್ಕೆ.

ಫೆಬ್ರವರಿ ಮುಗಿಯುವ ಹೊತ್ತಿಗೆ ನೇಟಾಳ ತುಟಿಯ ನೀಲಿ ತಿಳಿಯಾಯಿತು. ಒಂದು ಬೆಳಿಗ್ಗೆ ಅವಳೇ ಬಾಯಿಬಿಟ್ಟು, "ಗಟ್ಟಿ ಮೊಸರು ತುಂಬಿದ ಕಡುಬು ಬೇಕು, ಕೆನೆ ಸುರಿದು," ಎಂದಳು. ಯುಸ್ತಿನಾ ಓಡಿಹೋಗಿ ಹಿಟ್ಟು ಕಲಸಿದಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ನಗು ಕಂಡು ಈಸಾಕ್ ಒಲೆಗೆ ಬೇಡದಿದ್ದರೂ ಎರಡು ಹೊರೆ ಹುಲ್ಲು ತಂದು ಹಾಕಿದ.

"ಅಮ್ಮ ನೋಡು, ನೇಟಾ ನಾಲ್ಕು ತಿಂದ್ಲು!" ಎಂದು ಟ್ರೂಡಾ ಕೂಗಿದಳು.

ದೊಡ್ಡ ನೇಟಾ ಬಂದು ಮೊಮ್ಮಗಳ ಹಣೆ ಮುಟ್ಟಿದಳು. ಕಣ್ಣಲ್ಲಿ ನೀರು ಬಂತು, ನಿಜವಾದ ನೀರೇ. "ದೇವರು ದೊಡ್ಡವನು," ಎಂದಳು. ಆಮೇಲೆ ಮಗನ ಕಡೆ ತಿರುಗಿ, "ಬರೋ ಭಾನುವಾರ ಆ ಮಗೂಗೆ ಏನಾದ್ರೂ ಇಟ್ಬಿಡು. ಮಾರ್ಗರೇಟಾನೋ ಏನೋ," ಎಂದಳು. ಅವಳ ಬಾಯಿಂದ ಅಷ್ಟು ಬಂದದ್ದೇ ಹೆಚ್ಚು.

"ಇವತ್ತೇ ಹೇಳಿ," ಎಂದಳು ಯುಸ್ತಿನಾ.

"ಇಷ್ಟು ದಿನ ಕಾದಿದ್ದೀವಿ. ಭಾನುವಾರ ನಂಟರನ್ನ ಕರೆದು ಚೆನ್ನಾಗೇ ಹೇಳೋಣ," ಎಂದ ಈಸಾಕ್. ಅವತ್ತು ಅವಳಿಗೆ ಸಂತೋಷ ಎಷ್ಟಿತ್ತೆಂದರೆ, ಹೋಗಲಿ, ಹಾಗೇ ಆಗಲಿ ಎಂದು ಒಪ್ಪಿಬಿಟ್ಟಳು.

ಮಗು ಕೆಮ್ಮುತ್ತಿತ್ತು. ಎರಡು ವಾರದಿಂದ ಸಣ್ಣಗೆ ಕೆಮ್ಮುತ್ತಿತ್ತು. ಚಳಿಗಾಲದಲ್ಲಿ ಯಾವ ಮಗು ಕೆಮ್ಮುವುದಿಲ್ಲ ಎಂದು ಈರುಳ್ಳಿ ರಸ ಹಚ್ಚಿ ಸುಮ್ಮನಾಗಿದ್ದರು. ಕಡುಬು ಮಾಡಿದ ಮರುದಿನ ಕೆಮ್ಮು ಬಂದರೆ ನಿಲ್ಲದಂತಾಯಿತು. ಕೆಮ್ಮಿ ಕೆಮ್ಮಿ ಕೊನೆಗೆ ಉಸಿರೆಳೆದುಕೊಳ್ಳುವಾಗ ಕೂಗಿದಂತೆ ಸದ್ದು ಬರುತ್ತಿತ್ತು. ಟೈಕ್ರೋಬ್ ಮಾರಿಯಾ ಬಂದು ಕೇಳಿಸಿಕೊಂಡು, "ನಾಯಿಕೆಮ್ಮು. ಗಿರಣಿ ಮನೆ ಹುಡುಗನಿಗೂ ಇದೇ," ಎಂದಳು. ಈಸಾಕ್ ಕುದುರೆ ಕಟ್ಟಿಕೊಂಡು ಡಾಕ್ಟರನ್ನು ಕರೆತರಲು ಹೊರಟ; ಹಿಮಗಾಳಿ ಎದ್ದು ದಾರಿಯೇ ಕಾಣದೆ ತಿರುಗಿ ಬಂದ. ದೊಡ್ಡ ನೇಟಾ ಮಗುವನ್ನು ಎದೆಗೊತ್ತಿಕೊಂಡು ಕೋಣೆಯ ಉದ್ದಕ್ಕೂ ನಡೆದಳು, ಕೂರು ಎಂದರೂ ಕೂರಲಿಲ್ಲ. "ಉಸಿರಾಡು ಪಾಪು, ಉಸಿರಾಡು ಪಾಪು," ಎನ್ನುತ್ತಿದ್ದಳು. ಶುಕ್ರವಾರ ಬೆಳಿಗ್ಗೆ ಮಗು ತಾಯಿಯ ತೊಡೆಯ ಮೇಲೆ ಒಮ್ಮೆ ಕೆಮ್ಮಿತು, ಮತ್ತೆ ಉಸಿರೆಳೆದುಕೊಳ್ಳಲಿಲ್ಲ.

ಆ ಭಾನುವಾರ ನಂಟರು ಬಂದರು. ಹೆಸರು ಕೇಳಲು ಬರಬೇಕಾದವರು ಕಪ್ಪು ಬಟ್ಟೆ ಹಾಕಿಕೊಂಡು ಬಂದರು.

ಪೆಟ್ಟಿಗೆ ಮಾಡಿದ್ದು ಈಸಾಕನ ಚಿಕ್ಕಪ್ಪ ಕೊರ್ನೀಸ್. ಊರಿನ ಪೆಟ್ಟಿಗೆಗಳನ್ನೆಲ್ಲ ಅವನೇ ಮಾಡುತ್ತಿದ್ದ, ಗುರುತಿನ ಹಲಗೆಯ ಮೇಲೆ ಹೆಸರನ್ನೂ ಅವನೇ ಬರೆಯುತ್ತಿದ್ದ. ಪೆಟ್ಟಿಗೆಯನ್ನು ತಣ್ಣನೆಯ ದೊಡ್ಡ ಕೋಣೆಯಲ್ಲಿ ಬೆಂಚಿನ ಮೇಲಿಟ್ಟಿದ್ದರು. ಮುದುಕ ಹಲಗೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಕುಂಚವನ್ನು ಕಪ್ಪು ಬಣ್ಣದಲ್ಲಿ ಅದ್ದಿದ.

"ಏನಂತ ಬರೀಲಿ?"

ಈಸಾಕ್ ಎಂದಿನಂತೆ ತಾಯಿಯ ಮುಖ ನೋಡಿದ. ಮುದುಕಿಯ ಮುಖ ಮೂರು ದಿನದಲ್ಲಿ ಇಳಿದುಹೋಗಿತ್ತು. ತಾನು ಮಾಡಿದ್ದು ಏನೆಂದು ಅವಳಿಗೆ ತಿಳಿದಿತ್ತು. ಕೊಡಲು ಅವಳ ಹತ್ತಿರ ಇದ್ದದ್ದು ಒಂದೇ.

"ಅಗನೇಟಾ ಅಂತ ಬರಿ," ಎಂದಳು. "ನನ್ನದನ್ನೇ ಕೊಡ್ತೀನಿ. ಬರೀಗೈಲಿ ಹೋಗೋದು ಬೇಡ ಮಗು."

"ಅದು ನಂದು ಅಜ್ಜಿ."

ಎಲ್ಲರೂ ತಿರುಗಿದರು. ಬಾಗಿಲಲ್ಲಿ ನೇಟಾ ನಿಂತಿದ್ದಳು, ಅಪ್ಪನ ಕೋಟು ಹೊದ್ದುಕೊಂಡು, ಚೌಕಟ್ಟು ಹಿಡಿದುಕೊಂಡು. ಸುಗ್ಗಿಯಾದ ಮೇಲೆ ಅವಳು ತನ್ನ ಕಾಲ ಮೇಲೆ ನಿಂತದ್ದು ಅದೇ ಮೊದಲು.

"ಅದು ನಂದು. ಕೊಡ್ಬೇಡ ಅಂತ ಅಮ್ಮ ಹೇಳಿದ್ದಾಳೆ. ಪಾಪು ಕೇಳಿದ್ರೂ ಕೊಡ್ಬೇಡ ಅಂದಿದ್ದಾಳೆ." ಕೋಟನ್ನು ಬಿಗಿಯಾಗಿ ಎಳೆದುಕೊಂಡಳು. "ನಾನಿನ್ನೂ ಸತ್ತಿಲ್ವಲ್ಲ ಅಜ್ಜಿ."

ದೊಡ್ಡ ನೇಟಾ ಬೆಂಚನ್ನು ತಡಕಿ ಕೂತುಕೊಂಡಳು. ಟ್ರೂಡಾ ಓಡಿಹೋಗಿ ಹುಡುಗಿಯನ್ನು ಎತ್ತಿಕೊಂಡಳು.

"ಮಾರ್ಗರೇಟಾ," ಎಂದ ಈಸಾಕ್. "ಮಾರ್ಗರೇಟಾ ಅಂತ ಬರಿ ಚಿಕ್ಕಪ್ಪ. ನನ್ನ ಮಗಳ ಹೆಸರು ಮಾರ್ಗರೇಟಾ."

"ಈಗ ಬಾಯಿ ಬಂತಾ ನಿಮಗೆ?" ಎಂದಳು ಯುಸ್ತಿನಾ.

ಅವಳು ಕೂಗಲಿಲ್ಲ. ಇನ್ನೂ ಏನೋ ಹೇಳಬೇಕೆಂದು ಬಾಯಿ ತೆರೆದವಳು ಅಲ್ಲೇ ನಿಂತಳು. ಚಿನ್ನ ಎಂದಿದ್ದಳು, ಪುಟ್ಟಿ ಎಂದಿದ್ದಳು, ಪಾಪು ಎಂದಿದ್ದಳು. ಇಷ್ಟು ದಿನ ಹಾಲು ಕುಡಿಸುವಾಗ ಒಬ್ಬಳೇ ಇದ್ದಳಲ್ಲ; ಬಾಗಿಲು ಹಾಕಿಕೊಂಡು ಒಂದೇ ಒಂದು ಸಲ ಕರೆದಿದ್ದರೆ ಯಾರು ಕೇಳುತ್ತಿದ್ದರು? ಕರೆಯಲಿಲ್ಲ. ಗಂಡ ಹೇಳದೆ ಕರೆಯಬಾರದೆಂದು ಅವಳೂ ಕಾದಳು. ಈ ಮನೆಯಲ್ಲಿ ಕಾಯದವರು ಯಾರೂ ಇರಲಿಲ್ಲ.

ಅವಳು ಪೆಟ್ಟಿಗೆಯ ಹತ್ತಿರ ಹೋಗಿ ಮೊಣಕಾಲೂರಿದಳು. ಟೋಪಿಯ ಅಂಚನ್ನು ಸರಿಸಿ ಮಗುವಿನ ಕಿವಿಗೆ ಬಾಯಿ ತಂದಳು.

"ಮಾರ್ಗರೇಟಾ," ಎಂದು ಕರೆದಳು, ಮಲಗಿದ ಮಗುವನ್ನು ಹಾಲಿಗೆ ಎಬ್ಬಿಸುವಂತೆ.

ಸ್ವಲ್ಪ ಹೊತ್ತು ಹಾಗೇ ಬಗ್ಗಿಕೊಂಡಿದ್ದಳು. ಆಮೇಲೆ ಎದ್ದು ನಿಂತಳು.

"ಕೇಳಿಸ್ಲಿಲ್ಲ ಅವಳಿಗೆ," ಎಂದಳು. "ಮುಚ್ಚಿ, ಚಿಕ್ಕಪ್ಪ."